ಸೌಶೀಲ್ಯಳ ಬಾಯಾರಿಕೆ

ಬಹಳ ಹಿಂದೆ, ಅಂದರೆ ಮನೆಮನೆಗೂ ಟೀವಿ ಬಂದು ನಲ್ಲಿಗೆ ಮಾತ್ರ ನೀರು ಬಾರದಿದ್ದ ಕಾಲದಲ್ಲಿ, ಧಾರಾಪುರವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ವಿಳಂಬವರ್ಮರು. ಸಂಜೆ 'ಸೊಸೆಗೆ ಸಾವಿರ ಶೂಲ' ಎಂಬ ಧಾರಾವಾಹಿ ಶುರುವಾಯಿತೆಂದರೆ ಚಾಮರ ಬೀಸುವವರ ಕೈಯೂ ನಿಂತುಬಿಡುತ್ತಿತ್ತು. ಅದರಲ್ಲಿ ಅತ್ತೆ ನಲ್ಲಿಗೆ ಬೀಗ ಜಡಿದಿದ್ದಳು. ಸೊಸೆ ಸೌಶೀಲ್ಯ ತಿಂಗಳುಗಟ್ಟಲೆಯಿಂದ ಒಂದು ಲೋಟ ನೀರಿಗಾಗಿ ಅಳುತ್ತಿದ್ದಳು. ನೀರೇ ಕುಡಿಯದವಳಿಗೆ ಅಷ್ಟೊಂದು ಕಣ್ಣೀರು ಎಲ್ಲಿಂದ ಬರುತ್ತಿತ್ತೋ, ಶಿವನೇ ಬಲ್ಲ!

ಒಂದು ದಿನ ಕುಂಬಾರಬೀದಿಯ ಚೆನ್ನಾಜಮ್ಮ ದರ್ಬಾರಿಗೆ ಬಂದು ಕೈಮುಗಿದಳು. "ಬುದ್ಧೀ, ನಮ್ ಬೀದಿ ನಲ್ಲೀಲಿ ನೀರು ಬಂದು ತಿಂಗಳಾಯ್ತು. ಮನೇಲಿ ಸೊಸೆ ಹಸಿ ಬಾಣಂತಿ. ಕುಡಿಯಕ್ಕೂ ಗತಿ ಇಲ್ಲ."

ಮಹಾರಾಜರು ಆಕಳಿಸಿದರು. ಮಹಾಮಂತ್ರಿ ಸ್ತುತಿಸೇನ ಕಿವಿಯಲ್ಲಿ ಉಸುರಿದ: "ಪ್ರಭೂ, ಈಕೆಯ ದಾಹಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಟಿಆರ್‌ಪಿ ಬರುವುದಿಲ್ಲ. ಪ್ರಜೆಗಳೆಲ್ಲ ಅಳುತ್ತಿರುವುದು ಸೌಶೀಲ್ಯಾದೇವಿಗಾಗಿ. ಅವಳಿಗೆ ನೀರು ಕೊಡಿಸಿದವರೇ ಭಗೀರಥರು!"

"ಭಲೇ! ಆದರೆ ಅದು ಕಟ್ಟುಕಥೆಯಲ್ಲವೇನಯ್ಯಾ?"

"ನಮ್ಮ ಕುಡಿಯುವ ನೀರಿನ ಯೋಜನೆಯೂ ಅದೇ ಅಲ್ಲವೇ, ಪ್ರಭೂ?"

ಒಡನೆಯೇ 'ಸೌಶೀಲ್ಯಾ ತೃಷಾ ನಿವಾರಣಾ ಮಿಷನ್' ಘೋಷಣೆಯಾಯಿತು. ಮನೆಗೊಂದು ಕೊಡ ನೀರನ್ನು ಶೂಟಿಂಗ್ ಮನೆಯ ತೊಟ್ಟಿಗೆ ತಂದು ಸುರಿಯತಕ್ಕದ್ದು. ಬೀಗ ಒಡೆಯುವ ದೃಶ್ಯದಲ್ಲಿ ನಲ್ಲಿ ಭೋರ್ಗರೆಯತಕ್ಕದ್ದು. ತಪ್ಪಿದವರ ಟೀವಿ ಜಪ್ತಿ.

ಜನ ದಂಗೆ ಏಳಬಹುದೆಂದು ಸೇನಾಪತಿ ಕತ್ತಿ ಮಸೆದ. ದಂಗೆಯೂ ಇಲ್ಲ, ಗಿಂಗೆಯೂ ಇಲ್ಲ. ಬೆಳಗಾಗುವುದರೊಳಗೆ ಊರಿಗೆ ಊರೇ ಕೊಡ ಹೊತ್ತು ಸಾಲು ನಿಂತಿತು. ಸಾಲಿನ ಮುಂದೆ ಯಾರು ಅಂತೀರಿ? ನಮ್ಮ ಚೆನ್ನಾಜಮ್ಮ! ಹರದಾರಿ ದೂರದ ಕೆರೆಯಿಂದ ಹೊತ್ತು ತಂದು ಬಾಣಂತಿಗೆಂದು ಮುಚ್ಚಿಟ್ಟಿದ್ದ ಒಂದೇ ಒಂದು ಕೊಡ ಅವಳ ಸೊಂಟದ ಮೇಲಿತ್ತು. ಹೇಳುವ ನನಗೇ ಹೊಟ್ಟೆ ಉರಿಯುತ್ತದೆ, ಸ್ವಾಮೀ.

ಶೂಟಿಂಗ್ ಮನೆಯ ಬಾಗಿಲ ಕಾವಲುಗಾರನಿಗೂ ತಡೆಯಲಾಗಲಿಲ್ಲ. "ಏನಮ್ಮೋ, ಅದೆಲ್ಲಾ ಸುಳ್ಳು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತಿಲ್ದೆ ಏನಪ್ಪಾ? ಬಣ್ಣ ಹಚ್ಕೊಂಡು ಆಡೋ ಆಟ ಅದು. ಆದ್ರೂ ದಿನಾ ಸಂಜೆ ನಮ್ಮನೇಗೆ ಬತ್ತಾಳೆ, ನನ್ ಎದುರಿಗೇ ಕೂತು ಎಲ್ಲಾ ಹೇಳ್ಕೊಂಡು ಅಳ್ತಾಳೆ. ನನ್ ಸೊಸೆ ನೋಡು, ಗೋಡೆ ಕಡೆ ತಿರುಗಿ ಮಲಗ್ತಾಳೆ. ಅವಳ ಕಷ್ಟ ನಂಗೆ ಹೆಂಗೆ ತಿಳೀಬೇಕು?"

ಸಂಜೆ ನಲ್ಲಿ ಭೋರ್ಗರೆಯಿತು. ಸ್ವತಃ ಮಹಾರಾಜರೇ ತೆರೆಯ ಮೇಲೆ ಅವತರಿಸಿ ಸೌಶೀಲ್ಯಳ ಕೈಗೆ ಲೋಟ ಕೊಟ್ಟರು. ಲೋಟ ತುಟಿಯ ಬಳಿ ಬಂದಾಗಲೆಲ್ಲ ಗುಡುಗು ಗುಡುಗಿತು. ಸ್ತುತಿಸೇನ 'ಅಭಿನವ ಭಗೀರಥ' ಎಂದು ಕೂಗಿ ಪ್ರಭುಗಳ ಕಿರೀಟದ ಮೇಲೆ ಇನ್ನೊಂದು ಕಿರೀಟ ಇಟ್ಟ. ಕುಂಬಾರಬೀದಿಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.

ಚೆನ್ನಾಜಮ್ಮನ ಬೆನ್ನ ಹಿಂದೆ, ಮಂಚದ ಮೇಲಿಂದ ಒಣಗಿದ ದನಿಯೊಂದು ಬಂತು: "ಅತ್ತೇ, ಒಂದ್ ಗುಟುಕು ನೀರು..."

"ಶ್! ಸುಮ್ನಿರವ್ವಾ," ಎಂದಳು ಚೆನ್ನಾಜಮ್ಮ, ಟೀವಿಯಿಂದ ಕಣ್ಣು ಕೀಳದೆ. "ಪಾಪದ್ ಹೆಣ್ಣು, ಈಗ ತಾನೇ ಕುಡೀತಾ ಅವ್ಳೆ."