ಸಿದ್ದಮಲ್ಲಪ್ಪನ ಫೋನಿನೊಳಗೆ ನಗುವವಳು

ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಗೆ ಮೊಬೈಲ್ ಟವರು ಬಂದ ವರ್ಷ, ಜೀರಹಳ್ಳಿಯಲ್ಲಿ ಎಲ್ಲರಿಗಿಂತ ಮೊದಲು ಫೋನು ಕೊಂಡವನು ಸಿದ್ದಮಲ್ಲಪ್ಪ. ಬಸ್ಸಿಳಿದವನು ಮನೆಗೂ ಹೋಗದೆ ಅರಳಿಕಟ್ಟೆಯ ಮುಂದೆ ನಿಂತು ಅಪ್ಪಣೆ ಹೊರಡಿಸಿದ.

“ಇನ್ಮೇಲೆ ತಮಟೆ ಬಡಿಯೋದು, ಕಿರುಚೋದು ಒಂದೂ ಬ್ಯಾಡ. ಆನ ಕಾಡಂಚ್ಗ ಕಾಲಿಟ್ರ ನಂಗೊಂದ್ ಪೋನ್ ಮಾಡಿ. ಪಟಾಕಿ ತಕ್ಕಂಡು ಊರ್ನೇ ಎಬ್ಬಿಸ್ಕಂಡು ಬತ್ತೀನಿ.”

ಆನೆಗಳ ಮೇಲೆ ಇಷ್ಟು ದೊಡ್ಡ ಆಡಳಿತ ನಡೆಸಬೇಕಾದ ಫೋನಿಗೆ ಅವನ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಅದನ್ನು ಅಲ್ಲಿಯೇ ಪ್ರತಿಷ್ಠಾಪಿಸಲಾಯಿತು.

ಒಂದು ದಿನ ಅದರಲ್ಲಿ ಹೆಣ್ಣುಮಗಳೊಬ್ಬಳು ಮಾತಾಡಿದಳು. ಪುಸ್ತಕದ ತಮಿಳು, ಅದೂ ಬಿಟ್ಟು ಬಿಟ್ಟು. ಕೊನೆಯ “ಒನ್ರೈ ಅಳುತ್ತವುಂ” ಮಾತ್ರ ಸರಿಯಾಗಿ ಕೇಳಿತು. ಒಂದನ್ನು ಒತ್ತಿ ಎಂದು ಅದರ ಅರ್ಥ. ಸಿದ್ದಮಲ್ಲಪ್ಪನಿಗೆ ತಮಿಳು ಬರುತ್ತದೆ, ಆದರೆ ಕನ್ನಡದ ಕಿವಿಗೆ ಪಾಪ ಅವಳು ಅಳುತ್ತಿದ್ದಾಳೇನೋ ಅನ್ನಿಸಿತು. ಕರುಣೆಯಿಂದ ಒಂದನ್ನು ಒತ್ತಿದ.

ಮಾರನೆಯ ದಿನ ತಾಳಮಲೆಯಿಂದ ಹೆಂಡತಿಯ ತಮ್ಮ ರುದ್ರಸ್ವಾಮಿ ಫೋನು ಮಾಡಿದ. ಯಾಕೋ ದನಿ ತಗ್ಗಿಸಿದ್ದ.

“ಭಾವ, ಮನ್ಲಿ ಯಾರವ್ರ?”

“ನಿಮ್ಮಕ್ಕ ಅವ್ಳ.”

“ಅಕ್ಕನ್ನ ಕೇಳ್ತಿಲ್ಲ. ಇನ್ನೊಬ್ರು?”

“ಇನ್ಯಾರ್ಲಾ?”

“ಓಗ್ಲಿ ಬುಡಿ ಭಾವ” ಎಂದು ಅವನು ನಗುತ್ತಾ ಇಟ್ಟುಬಿಟ್ಟ.

ಆಮೇಲೆ ಫೋನು ಮಾಡಿದವರೆಲ್ಲ ಹಾಗೆಯೇ. ಒಬ್ಬ ಕೆಮ್ಮಿದ, ಇನ್ನೊಬ್ಬ “ಈ ವಯಸ್ನಲ್ಲಿ” ಎಂದು ಮಾತು ನುಂಗಿದ. ಸಿದ್ದಮಲ್ಲಪ್ಪ ಫೋನನ್ನು ಕಿವಿಗಿಟ್ಟು ಆಲಿಸಿದ. ಏನೂ ಇಲ್ಲ. ಬ್ಯಾಟರಿ ತೆಗೆದು ಪಂಚೆಯಿಂದ ಒರೆಸಿ ಹಾಕಿದ. ಕೊನೆಗೆ ಪರೀಕ್ಷೆಗೆಂದು ತನ್ನ ಫೋನಿನಿಂದ ತನ್ನ ನಂಬರಿಗೇ ಮಾಡಿದ. ಬೇರೆಯವರೊಂದಿಗೆ ಮಾತಾಡುತ್ತಿದ್ದಾರೆ, ಕಾಯಿರಿ ಎಂದು ಬಂತು. ಅವನು ಕಲ್ಲಿನ ಮೇಲೆ ಕುಕ್ಕರಿಸಿದ. ತಾನು ಯಾರೊಂದಿಗೂ ಮಾತಾಡುತ್ತಿಲ್ಲ. ಹಾಗಾದರೆ ಇದರೊಳಗೆ ಮಾತಾಡುತ್ತಿರುವವರು ಯಾರು?

ಅವನ ಹೆಂಡತಿ ಶಕುಂತಲಮ್ಮ ಆ ದಿನ ತಾಳವಾಡಿಗೆ ಹೋಗಿದ್ದಳು. ಬಸ್ಸು ತಪ್ಪಿತು, ಬರುವುದು ತಡ ಎಂದು ಹೇಳಲು ಅಂಗಡಿಯ ಕಾಯಿನ್ ಫೋನಿನಿಂದ ಮನೆಗೆ ಮಾಡಿ, ಅವನು ಎತ್ತುವ ಮೊದಲೇ ಇಟ್ಟುಬಿಟ್ಟಳು. ಸಂಜೆ ಬಂದವಳು ಚೀಲವನ್ನೂ ಇಳಿಸದೆ ಹಿತ್ತಲಿಗೆ ನಡೆದಳು.

“ನಾನಿಲ್ಲ ಅಂತ ಯಾರ್ನ ಕರ್ಕಂಡಿದ್ರಿ?”

“ಯಾರ್ನೂ ಇಲ್ಲ ಕಣಮ್ಮಿ.”

“ಕಿವಿಯಾರ ಕೇಳಿವ್ನಿ. ಮೊದ್ಲು ಕಿಸಕ್ಕಂತ ನಕ್ಳು. ಆಮೇಲೆ ಬಾ ಮಾವ ಅಂದ್ಳು. ತಮಿಳ್ನೋಳು ಬ್ಯಾರೆ.”

“ತಮಿಳ್ನೋಳಾ? ಅಂಗಾದ್ರ ಅವತ್ತು ಅಳ್ತಿದ್ದೋಳೇ ಇರ್ಬೇಕು” ಎಂದು ಬಾಯಿ ತಪ್ಪಿ ಅಂದುಬಿಟ್ಟ.

“ಓಹೋ, ಅಳ್ತಿದ್ಳಾ? ಈಗ ನಗ್ಸಿದ್ದು ಯಾರು?”

ಆಗಲೇ ಕಲ್ಲಿನ ಮೇಲಿದ್ದ ಫೋನು ಬಡಿದುಕೊಂಡಿತು.

“ಎತ್ತಿ. ಅವ್ಳೇ ಇರ್ಬೇಕು.”

“ಎತ್ತಲ್ಲ. ನನ್ ಮನಸ್ನಲ್ಲಿ ಕಪಟ ಇದ್ರ ತಾನೇ ಎತ್ತೋದು?”

ಸಿದ್ದಮಲ್ಲಪ್ಪ ಕೈ ಕಟ್ಟಿ ಗುಡಿಯ ಬಸವಣ್ಣನ ಹಾಗೆ ಅಲುಗದೆ ಕೂತ. ಫೋನು ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ಅದು ಬಡಿದುಕೊಂಡಷ್ಟೂ ತನ್ನ ಶೀಲ ಹೊಳೆಯುತ್ತಿದೆ ಎಂದು ಅವನ ನಂಬಿಕೆ. ಶಕುಂತಲಮ್ಮನ ಮುಖ ಕೂಡ ತುಸು ಸಡಿಲಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಹೊಲದ ಮಾದು, ಕೈಯಲ್ಲಿ ತನ್ನ ಹೊಸ ಫೋನು ಹಿಡಿದು, ಏದುಸಿರು ಬಿಡುತ್ತಾ ಓಡಿಬಂದ.

“ಅಣ್ಣೋ, ಆನ ನುಗ್ಗಿ ನಿಮ್ ಬಾಳೆ ಮುರೀತಾ ಅದ. ಎಷ್ಟೊತ್ತಿಂದ ಪೋನ್ ಮಾಡೋದು?”

“ಎತ್ನಿಲ್ಲ ಅಂದ್ಮೇಲೆ ಓಡ್ಬರಬಾರ್ದೇನ್ಲಾ?”

ಮಾದು ತಲೆ ಕೆರೆದುಕೊಂಡ. “ಆಡು ಸಂದಾಗಿತ್ತು ಕಣಣ್ಣ. ಮುಗೀಲಿ ಅಂತ ನಿಂತ್ಕಂಡಿ.”

“ಆನ ಜೊತ್ಗ ಆಡೂ ನುಗ್ಗಿದ್ವಾ? ಯಾರ್ ಆಡ್ಲಾ?”

“ಮೇಯೋ ಆಡಲ್ಲ ಕಣಣ್ಣ. ನಿಮ್ ಪೋನ್ಗ ಮಾಡುದ್ರ ಎಂಗ್ಸೊಬ್ಳು ನಕ್ಕಂಡು ಏಳ್ತಾಳಲ್ಲ, ಆ ಸಿನಿಮಾ ಆಡು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಪಟಾಕಿ ಹಿಡಿದು ಓಡಿದರು. ಆನೆ ಅರ್ಧ ತೋಟ ಮುಗಿಸಿತ್ತು. ಇವರನ್ನು ಕಂಡು, ಊಟ ಮುಗಿಸಿದ ಬೀಗರ ಹಾಗೆ ನಿಧಾನವಾಗಿ ಕಾಡಿಗೆ ನಡೆಯಿತು.

ಮರುದಿನ ಫೋನಿನ ಅಂಗಡಿಯ ಮೋಹನ್ ಬಿಡಿಸಿ ಹೇಳಿದ. ಈ ಹಾಡಿಗೆ ಕಾಲರ್ ಟ್ಯೂನ್ ಅಂತಾರೆ, ಫೋನು ಮಾಡಿದವರಿಗೆ ಮಾತ್ರ ಕೇಳುತ್ತದೆ, ಒಂದನ್ನು ಒತ್ತಿದಾಗಲೇ ನೀವು ಇವಳನ್ನು ಒಪ್ಪಿಕೊಂಡಿರಿ. ಅಂಗಡಿಯ ಫೋನಿನಿಂದ ಮಾಡಿ ಕೇಳಿಸಿದ. “ಇವ್ಳೇ” ಎಂದಳು ಶಕುಂತಲಮ್ಮ. ಸಿದ್ದಮಲ್ಲಪ್ಪನೂ ಕಿವಿಗಿಟ್ಟು ಕೇಳಿದ. ನಗು ಚೆನ್ನಾಗಿಯೇ ಇತ್ತು. ಹಾಗೆಂದು ಬಾಯಿಬಿಡಲಿಲ್ಲ.

“ಇವ್ಳ್ನ ತಗ್ದಾಕಪ್ಪ” ಎಂದಳು ಶಕುಂತಲಮ್ಮ, “ಒಂದು ದೇವ್ರ ಪದ ಆಕು.” ಮೋಹನ್ ಹಾಕಿಕೊಟ್ಟ.

ಆ ಸಂಜೆ ಸಿದ್ದಮಲ್ಲಪ್ಪ ಕಲ್ಲು ಬಿಟ್ಟು ಕದಲಲಿಲ್ಲ. ಇನ್ನು ಯಾರ ಫೋನೇ ಬರಲಿ, ಬಡಿದುಕೊಂಡ ತಕ್ಷಣ ಎತ್ತಬೇಕು. ಫೋನು ಬಂತು. ಹಾರಿಬಿದ್ದು ಎತ್ತಿದ.

“ಎಲ್ಲಿ? ಆನ ಎಲ್ಲಿ?”

ಆ ಕಡೆ ರುದ್ರಸ್ವಾಮಿ ನಿಟ್ಟುಸಿರು ಬಿಟ್ಟ.

“ಇಷ್ಟ್ ಬ್ಯಾಗ ಯಾಕ ಎತ್ಬುಟ್ರಿ ಭಾವ? ನಮ್ಮವ್ವ ಕಣ್ ಮುಚ್ಚಿ ಕೈ ಮುಗ್ಕಂಡು ಕೇಳ್ತಾ ಕೂತಿತ್ತು. ಮಡಗಿ, ಇನ್ನೊಂದ್ಸಲ ಮಾಡ್ತೀನಿ. ದಮ್ಮಯ್ಯ, ಎತ್ಬ್ಯಾಡಿ.”