ಊರಿಗೆ ಬರಲು ಅರ್ಜಿ

ಈ ಊರಿನಲ್ಲಿ ಮೊಟ್ಟಮೊದಲು ನೆಲೆಸಿದವನು ಅಕ್ರಮ ಒತ್ತುವರಿದಾರನೆಂದು ಪುರಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ. ಊರಿನ ಇತಿಹಾಸ ಬರೆಸಲು ಹೊರಟಾಗ ಈ ಸಂಗತಿ ಬೆಳಕಿಗೆ ಬಂತು. ನದಿಯ ದಡದಲ್ಲಿ ಮೊದಲ ಮನೆ ಕಟ್ಟಿದ ಅಂಬಿಗ ಪುರಸಭೆಯ ಅನುಮತಿ ಪಡೆದಿರಲಿಲ್ಲ. ಆಗ ಪುರಸಭೆಯೇ ಇರಲಿಲ್ಲ ಎಂಬುದು ನಿಜ. ಅದು ಬರುವ ತನಕ ಆತ ಕಾಯಬಹುದಿತ್ತೆಂಬುದು ಮುಖ್ಯಾಧಿಕಾರಿಗಳ ಅಭಿಪ್ರಾಯ.

ಆ ಅಂಬಿಗನ ಮೊಮ್ಮಗಳು ದೋಣಿಯಕ್ಕ. ಅದೇ ಮನೆಯಲ್ಲಿ ಹುಟ್ಟಿದವಳು, ಅದರ ಮುಂದೆಯೇ ದೋಣಿ ಕಟ್ಟಿಕೊಂಡು ಜನರನ್ನು ದಾಟಿಸಿ ಹೊಟ್ಟೆ ಹೊರೆಯುವವಳು. ಮನೆ ಕೆಡವಿ ಅಲ್ಲಿ ಊರಿನ ಮೂಲಪುರುಷನ ಪ್ರತಿಮೆ ನಿಲ್ಲಿಸುತ್ತೇವೆಂದು ಅವಳಿಗೆ ನೋಟಿಸು ಬಂತು. ಕೈಯಲ್ಲಿದ್ದ ಹುಟ್ಟನ್ನು ಕೆಳಗಿಡುವುದನ್ನೂ ಮರೆತು ಕಚೇರಿಗೆ ನಡೆದಳು. ಹಜಾರದಲ್ಲಿ ಪ್ರತಿಮೆ ಗೋಣಿ ಸುತ್ತಿಕೊಂಡು ಆಗಲೇ ನಿಂತಿತ್ತು.

“ಸ್ವಾಮಿ, ಇದು ಯಾರ ಪ್ರತಿಮೆ?”

“ನಿಮ್ಮ ತಾತಂದೇ ಕಣಮ್ಮ,” ಎಂದರು ಮುಖ್ಯಾಧಿಕಾರಿಗಳು ಅಭಿಮಾನದಿಂದ.

“ತಾತನ ಮನೆ ಕೆಡವಿ ತಾತನ್ನೇ ಬಿಸಿಲಲ್ಲಿ ನಿಲ್ಲಿಸ್ತೀರಾ?”

“ಪ್ರತಿಮೆಗೆ ಅನುಮತಿ ಇದೆ. ತಾತನಿಗೆ ಇರಲಿಲ್ಲ.”

ದೋಣಿಯಕ್ಕನಿಗೆ ರೇಗಿಹೋಯಿತು. “ಹಾಗಾದ್ರೆ ಆಮೇಲೆ ಬಂದೋರು ಯಾರನ್ನ ಕೇಳ್ಕೊಂಡು ಬಂದ್ರು? ಎಲ್ರೂ ನಮ್ಮ ತಾತನ ದೋಣೀಲೇ ಬಂದಿದ್ದು. ನಿಮ್ಮ ಮುತ್ತಜ್ಜ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡು ಬಂದ್ರಂತೆ!”

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು ಯೋಚಿಸಿದರು. ಅವರು ನಿಯಮಕ್ಕೆ ತಲೆಬಾಗುವ ಮನುಷ್ಯ. ತೊಂದರೆ ಇದ್ದದ್ದೇ ಅಲ್ಲಿ. ಸಂಜೆಯೊಳಗೆ ಬೀದಿ ಬೀದಿಯಲ್ಲಿ ಧ್ವನಿವರ್ಧಕ ಕೂಗಿತು:

“ಅನುಮತಿಯಿಲ್ಲದೆ ಊರಿಗೆ ಬಂದವರ ವಂಶಸ್ಥರೆಲ್ಲರೂ ಊರಿಗೆ ಬರಲು ಅನುಮತಿ ಕೋರಿ ಅರ್ಜಿ ಸಲ್ಲಿಸತಕ್ಕದ್ದು. ಆ ವೇಳೆ ಅರ್ಜಿದಾರರು ಊರಿನ ಹೊರಗಿರತಕ್ಕದ್ದು. ಊರಿನಲ್ಲಿದ್ದುಕೊಂಡೇ ಊರಿಗೆ ಬರುವುದು ನಿಯಮಬಾಹಿರ.”

ಜನ ಗೊಣಗಿದರು, ಆದರೆ ಹೊರಟರು. ದರ್ಜಿ ಹೊಲಿಗೆ ಯಂತ್ರ ಹೊತ್ತುಕೊಂಡ, ಕ್ಷೌರಿಕ ಕನ್ನಡಿ ಹಿಡಿದುಕೊಂಡ. ಅವನ ಗಿರಾಕಿ ಅರ್ಧ ಗಡ್ಡದಲ್ಲೇ ದೋಣಿ ಹತ್ತಿದ. ಮೇಷ್ಟ್ರು ಇಡೀ ತರಗತಿಯನ್ನೇ ಕರೆತಂದರು. ದೋಣಿಯಕ್ಕ ಹುಟ್ಟು ಹಾಕಿ ಹಾಕಿ ಸುಸ್ತಾದಳು. ಕೊನೆಯ ಸರದಿಗೆ, ಮುತ್ತಜ್ಜನ ವಿಷಯ ನೆನಪಾಗಿ, ಮುಖ್ಯಾಧಿಕಾರಿಗಳೂ ಬಂದು ಕೂತರು.

ಆಚೆ ದಡ ಮುಟ್ಟಿದ ಮೇಲೆ ಅವರಿಗೆ ತೊಡಕು ಹೊಳೆಯಿತು. ಅನುಮತಿ ಕೊಡುವವರು ಊರೊಳಗಿರಬೇಕು. ಊರೊಳಗೆ ಅನುಮತಿ ಪಡೆದು ಇರುವುದು ಪ್ರತಿಮೆ ಒಂದೇ.

ಮರಳಿನ ಮೇಲೆಯೇ ತುರ್ತು ಸಭೆ ಸೇರಿತು. ಮುಖ್ಯಾಧಿಕಾರಿಗಳ ಸಕಲ ಅಧಿಕಾರವನ್ನೂ ಪ್ರತಿಮೆಗೆ ವಹಿಸಲಾಯಿತು. ಅಧಿಕಾರದಲ್ಲಿರುವವರನ್ನು ಬಿಸಿಲಲ್ಲಿ ನಿಲ್ಲಿಸುವಂತಿಲ್ಲವಾದ್ದರಿಂದ ದಡದ ಮನೆಯನ್ನು ಅದರ ಸರ್ಕಾರಿ ನಿವಾಸವೆಂದು ಘೋಷಿಸಿ, ಕೆಡವುವ ನೋಟಿಸನ್ನು ಹಿಂಪಡೆಯಲಾಯಿತು. ಅಧಿಕಾರಿಯ ಕುಟುಂಬದವರು ಜೊತೆಗಿರಬಹುದೆಂಬ ನಿಯಮ ಮೊದಲೇ ಇತ್ತು.

ದೋಣಿಯಕ್ಕ ಪ್ರತಿಮೆಯನ್ನು ಕೈಗಾಡಿಯಲ್ಲಿ ಕಚೇರಿಯಿಂದ ಮನೆಗೆ ತಂದಿಟ್ಟು, ಗೋಡೆಗೆ ಒರಗಿ, ಕಣ್ಣು ತುಂಬಿಕೊಂಡು ನಕ್ಕಳು.

ಮರುದಿನ ಊರವರ ಅರ್ಜಿಗಳನ್ನೆಲ್ಲ ಎದೆಗವಚಿಕೊಂಡ ಮುಖ್ಯಾಧಿಕಾರಿಗಳನ್ನು ಅವಳೇ ದಾಟಿಸಿ ಕರೆತಂದಳು. ಅನುಮತಿಯಿಲ್ಲದೆ ಊರ ನೆಲ ಮುಟ್ಟುವಂತಿಲ್ಲವಾದ್ದರಿಂದ ಅವರನ್ನು ಮನೆಯೆದುರು ದೋಣಿಯಲ್ಲೇ ಕೂರಿಸಿ ಒಳಗೆ ಹೋಗಿ, ಕೈ ತೊಳೆದು, ಊಟ ಮುಗಿಸಿ ಹೊರಬಂದಳು.

“ತಾತ ಮೀಟಿಂಗಲ್ಲಿದ್ದಾರೆ. ನಾಳೆ ಬನ್ನಿ.”

“ಆಗಲಮ್ಮ,” ಎಂದರು ಅವರು, ತಲೆಬಾಗಿ.