ಮೀಸೆ ಮತ್ತು ಏಳು ನಿಮಿಷದ ಹಾಡು

ಕಳೆದ ಶನಿವಾರ ಉದ್ಘೋಷಕರ ನಾಲಿಗೆ ಜಾರಿತು. ರೇಡಿಯೋದಲ್ಲಿ ವಾರದ ಹತ್ತು ಹಾಡುಗಳ ಪಟ್ಟಿ ಓದುವುದು ಅವರ ಕೆಲಸ. ಒಂದು ಬ್ಯಾಂಡಿನ ಒಂದೇ ಹಾಡು ಇಪ್ಪತ್ತು ವಾರದಿಂದ ಮೊದಲ ಸ್ಥಾನದಲ್ಲಿ ಝಂಡಾ ಊರಿ, ಹಳೆಯ ದಾಖಲೆಯನ್ನು ಸರಿಗಟ್ಟಿತ್ತು. "ಮುಂದಿನ ವಾರವೂ ಇವರೇ ಬಂದ್ರೆ ನನ್ನ ಮೀಸೆ ಬೋಳಿಸ್ತೀನಿ" ಎಂದುಬಿಟ್ಟರು, ಅದೂ ಮೈಕಿನಲ್ಲಿ.

ಇಪ್ಪತ್ತೆರಡು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು. ಹಾಗಾಗಿ ಈ ಶನಿವಾರ ಬೆಳಗ್ಗೆಯೇ ತಮ್ಮ ಬೀದಿಯ ಹನ್ನೊಂದು ಮನೆಗಳ ಕದ ತಟ್ಟಿದರು.

"ಫೋನ್ ಮಾಡಿ ಬೇರೆ ಯಾವ ಹಾಡಿಗಾದ್ರೂ ಓಟು ಹಾಕಿ. ಪುಣ್ಯ ಬರುತ್ತೆ."

"ಅದಕ್ಕೇನಂತೆ, ಹಾಕೋಣ ಬಿಡಿ" ಎಂದು ಎಲ್ಲರೂ ನಕ್ಕರು. ಎದುರುಮನೆಯ ಟೈಲರ್ ಮಾತ್ರ ಮೀಸೆಯನ್ನು ಕಣ್ತುಂಬ ನೋಡಿಕೊಂಡ.

ಸಂಜೆ ಐದಕ್ಕೆ, ಕೇಂದ್ರದಲ್ಲಿ ಫೋನ್ ಎತ್ತುವ ಅಕ್ಕ ಎಣಿಕೆಯ ಚೀಟಿ ತಂದಳು. ಅವಳು ನಗು ತಡೆದುಕೊಂಡಿದ್ದು ನೋಡಿಯೇ ಉದ್ಘೋಷಕರ ಕೈ ಮೀಸೆಯ ಮೇಲೆ ಹೋಯಿತು.

"ಹನ್ನೊಂದು ಓಟಲ್ಲಿ ಮತ್ತೆ ಅವರೇ ಗೆದ್ದುಬಿಟ್ರು ಸಾರ್. ಹೊಸ ದಾಖಲೆ!"

ಮೊದಲ ಸ್ಥಾನದ ಹಾಡನ್ನಷ್ಟೇ ಪೂರ್ತಿ ಹಾಕುವುದು ಅಲ್ಲಿಯ ನಿಯಮ, ಉಳಿದವಕ್ಕೆ ಅರ್ಧಕ್ಕೇ ಕತ್ತರಿ. ಈ ಹಾಡೋ, ಏಳು ನಿಮಿಷ. ಅದು ಮುಗಿಯುವ ತನಕ ಮನೆಗೆ ಫೋನ್ ಮಾಡಿ ಹೆಂಡತಿಯ ಹತ್ತಿರ ಗೊಣಗುವುದು ಉದ್ಘೋಷಕರ ರೂಢಿ. ಇವತ್ತೂ ಮಾಡಿದರು.

"ಕೇಳಿದ್ಯೇನೇ? ನಮ್ಮ ಬೀದಿಯವರು ಕೈ ಕೊಟ್ರು!"

"ಅವರನ್ನ ಬೈಬೇಡಿ. ಆ ಹಾಡಿಗೇ ಹಾಕಿ ಅಂತ ನಾನೇ ಹೇಳಿದ್ದು."

"ನೀನಾ? ಯಾಕೆ?"

"ದಿನವೆಲ್ಲ ಊರಿಗೆಲ್ಲ ಮಾತಾಡಿ ಬರ್ತೀರಿ, ಮನೇಲಿ ನಿಮ್ಮದು ಬರೀ 'ಹೂಂ'. ವಾರಕ್ಕೊಂದ್ಸಲ ಏಳು ನಿಮಿಷ ನನ್ನ ಹತ್ರ ಮಾತಾಡ್ತೀರಿ. ಬೈಕೊಂಡೇ ಮಾತಾಡಿ, ನಂಗೆ ಅಷ್ಟು ಸಾಕು. ಮೀಸೆ ಮತ್ತೆ ಬೆಳೆಯುತ್ತೆ ರೀ."

ಅಷ್ಟರಲ್ಲಿ ಹಾಡು ಮುಗಿದು, ಉದ್ಘೋಷಕರು ಫೋನ್ ಇಟ್ಟರು. ಇಷ್ಟು ಬೇಗ ಮುಗಿಯಿತಲ್ಲ ಎಂದು ಆ ಹಾಡಿನ ಬಗ್ಗೆ ಮೊದಲ ಸಲ ಅನಿಸಿತು. ಮುಂದಿನ ವಾರ ತಾವೇ ಅದಕ್ಕೆ ಓಟು ಹಾಕಬೇಕೆಂದು ನಿಶ್ಚಯಿಸಿ, ಬ್ಲೇಡು ಹಿಡಿದು ಕಾದಿದ್ದ ಕೇಂದ್ರದ ಎಂಜಿನಿಯರನಿಗೆ ಮುಖ ಒಡ್ಡಿ ಕೂತರು.

ಎಡಗಡೆಯ ಮೀಸೆ ಇಳಿಯಿತು.

"ಇನ್ಮೇಲೆ ನಿಮಗೆ ಆ ಹಾಡಿನ ಕಾಟ ಇಲ್ಲ ಸಾರ್" ಎಂದ ಎಂಜಿನಿಯರ್. "ಅವರದೇ ಹೊಸ ಹಾಡು ಇವತ್ತು ಬಂತು. ಈಗಾಗ್ಲೇ ಫೋನ್ ಮೇಲೆ ಫೋನು. ಮುಂದಿನ ವಾರ ಅದೇ ಮೊದಲು, ಬರೆದಿಟ್ಕೊಳ್ಳಿ."

"ಎಷ್ಟು ಹೊತ್ತಿನ ಹಾಡಪ್ಪಾ?"

"ಒಂದೂವರೆ ನಿಮಿಷ ಅಷ್ಟೇ! ಖುಷಿನಾ ಸಾರ್?"

ಉಳಿದರ್ಧ ಮೀಸೆಯ ಕೆಳಗಿನಿಂದ ಉದ್ಘೋಷಕರು ಹೇಳಿದರು: "ಹೂಂ."